ಅಮೀರ್ ಭಾಯಿ ಬಿಟ್ಟುಬಿಟ್ಟ ಮಾತು

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಒಂದು ರಂಜಾನ್ ತಿಂಗಳು. ನಾನು ಆಗ ಶಿವಾಜಿನಗರದ ಒಂದು ಧರ್ಮಾಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನನ್ನ ಹೆಂಡತಿ ವಸಂತ ಅಲ್ಲಿಯೇ ಸಕ್ಕರೆ ಕಾಯಿಲೆ ವಿಭಾಗದ ನರ್ಸ್. ಆ ಭಾನುವಾರ ಹಲಸೂರಿನ ಮನೆಯಿಂದ ಇಬ್ಬರೂ ರಸೆಲ್ ಮಾರುಕಟ್ಟೆಗೆ ಹೋಗಿದ್ದೆವು. ಹಣ್ಣಿನ ಅಂಗಡಿಯ ಅಮೀರ್ ಭಾಯಿ ಕೇಳದೆಯೇ ನಾಲ್ಕು ಸಪೋಟ ತೆಗೆದು ವಸಂತಳ ಚೀಲಕ್ಕೆ ಹಾಕಿದರು.

"ನಿಮಗೆ ಬೇಡ ಅಂತ ನಾನ್ ಹೇಳಿದ್ ಹಣ್ಣೆಲ್ಲ ನನ್ ಚೀಲಕ್ಕೇ ಬರುತ್ತಲ್ಲ ಭಾಯ್" ಎಂದಳು.

"ಈ ಸಲಾನೂ ಆಧಾ-ಪೂರಾನೇ ಸಿಸ್ಟರ್. ಒಂದು ರೋಜಾನೂ, ಒಂದು ದಿನದ ಉಪವಾಸಾನೂ ಬಿಟ್ಟಿಲ್ಲ, ನೋಡಿ ಹೆಂಗಿದೀನಿ!" ಎಂದು ಅವರು ಎದೆ ತಟ್ಟಿಕೊಂಡರು. ನಾವೂ ನಕ್ಕು ಮನೆಗೆ ಬಂದೆವು. ಆ ಮಾತಿನಲ್ಲಿ ಚಿಂತೆ ಮಾಡುವಂಥದ್ದು ಏನಾದರೂ ಇದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಈ 'ಆಧಾ-ಪೂರಾ' ಏನೆಂದು ಹೇಳಬೇಕು. ಹಿಂದಿನ ರಂಜಾನ್‌ನಲ್ಲಿ ನಮ್ಮ ಆಸ್ಪತ್ರೆ ಒಂದು ಅಧ್ಯಯನ ಮಾಡಿತ್ತು. ಉಪವಾಸ ಮಾಡುವ ಸಕ್ಕರೆ ಕಾಯಿಲೆಯವರು ಮಾತ್ರೆಯ ಹೊತ್ತು ಮತ್ತು ಪ್ರಮಾಣವನ್ನು ಹೇಗೆ ಬದಲಿಸಿಕೊಳ್ಳಬೇಕು ಎಂಬುದು ಅದರ ವಿಷಯ. ಡಾಕ್ಟರ್ ನಂದಿನಿ ಅದರ ಮುಖ್ಯಸ್ಥೆ. ಒಪ್ಪಿ ಬಂದ ಪ್ರತಿಯೊಬ್ಬರನ್ನೂ ಪರೀಕ್ಷಿಸಿ ಅವರವರಿಗೆ ಬೇರೆ ಬೇರೆ ಪ್ರಮಾಣ ಬರೆದಿದ್ದರು. ಅಮೀರ್ ಭಾಯಿಗೆ ಬೆಳಗಿನ ಜಾವದ ಸಹರಿ ಊಟಕ್ಕೆ ಅರ್ಧ ಮಾತ್ರೆ, ಸಂಜೆ ಇಫ್ತಾರ್‌ಗೆ ಪೂರ್ತಿ. ಎಲ್ಲರಿಗೂ ಸಕ್ಕರೆ ನೋಡುವ ಮೀಟರ್ ಕೊಟ್ಟಿದ್ದೆವು. ದಿನಾ ಮಧ್ಯಾಹ್ನ ವಸಂತ ಫೋನ್ ಮಾಡುತ್ತಿದ್ದಳು. ಸಕ್ಕರೆ ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಆ ಕ್ಷಣವೇ ಉಪವಾಸ ಬಿಡಬೇಕು ಎಂಬ ಷರತ್ತಿಗೆ ಎಲ್ಲರೂ ಸಹಿ ಹಾಕಿದ್ದರು.

ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಒಂದು ಅಧ್ಯಯನ ಚೆನ್ನಾಗಿ ಮುಗಿದ ಮಾತ್ರಕ್ಕೆ ಅದು ಎಲ್ಲರ ಚಿಕಿತ್ಸೆ ಆಗುವುದಿಲ್ಲ. ನಮ್ಮಲ್ಲಿ ಎಥಿಕ್ಸ್ ಕಮಿಟಿ ಇತ್ತು. ವೈದ್ಯರು, ಒಬ್ಬ ವಕೀಲರು, ಆಸ್ಪತ್ರೆಗೆ ಸೇರದ ಕೆಲವರು ಕೂತು, ಭಾಗವಹಿಸಿದವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿ ಅದು. ಸಮಿತಿ ವರದಿ ನೋಡಬೇಕು, ಆಮೇಲೆ ಆಸ್ಪತ್ರೆ ಒಪ್ಪಬೇಕು. ಅಲ್ಲಿಯವರೆಗೆ ಈ ಕ್ರಮವನ್ನು ಹೊರಗಿನವರಿಗೆ ಹೇಳುವಂತಿರಲಿಲ್ಲ. ವೈದ್ಯರ ಚೀಟಿಯಿಲ್ಲದೆ ಯಾರ ಮಾತ್ರೆಯ ಪ್ರಮಾಣವನ್ನೂ ಬದಲಿಸುವ ಅಧಿಕಾರ ನನಗೂ ಇಲ್ಲ.

ಮಾರುಕಟ್ಟೆ ಯಾವ ಸಮಿತಿಗೂ ಕಾಯಲಿಲ್ಲ.

ಸೋಮವಾರ ಮಧ್ಯಾಹ್ನ ಅಮೀರ್ ಭಾಯಿಯ ಅಕ್ಕ ಖೈರುನ್ನಿಸಾ ಮಾತ್ರೆ ಕೊಳ್ಳಲು ನನ್ನ ಕಿಟಕಿಗೆ ಬಂದರು. ಜೊತೆಗೆ ಅಮೀರ್ ಭಾಯಿಯೂ ಇದ್ದರು. ಆಕೆಯ ಕೈ ನಡುಗುತ್ತಿತ್ತು, ಹಣೆಯೆಲ್ಲ ಬೆವರು. ನಾನು ವಸಂತಳನ್ನು ಕೂಗಿದೆ. ಮೀಟರ್ ಐವತ್ತೆರಡು ತೋರಿಸಿತು. ವಸಂತ ಗ್ಲೂಕೋಸ್ ನೀರು ಕಲಸಿ ತಂದಳು.

"ಕುಡಿಯಲ್ಲಮ್ಮಾ. ಇನ್ನೇನು, ಸಾಯಂಕಾಲ ಆಗೇಬಿಡ್ತದೆ" ಎಂದರು ಖೈರುನ್ನಿಸಾ.

"ಮಾತ್ರೆ ಹೇಗೆ ತಗೊಂಡ್ರಿ ಆಪಾ?" ಎಂದು ವಸಂತ ಕೇಳಿದಳು.

"ಆಧಾ-ಪೂರಾ. ಇಡೀ ಮಾರ್ಕೆಟ್ಟೇ ಹಂಗ್ ತಗೋತಿದೆ. ಇವ್ನೇ ಹೇಳಿದ್ದು."

ಆಕೆಯ ಮೂತ್ರಪಿಂಡ ದುರ್ಬಲ. ಮಾತ್ರೆಯೂ ಬೇರೆಯದು. ಡಾಕ್ಟರ್ ಬರೆದಿದ್ದೇ ದಿನಕ್ಕೆ ಅರ್ಧ. ತಮ್ಮನ ಲೆಕ್ಕ ಹಿಡಿದು ಮೂರು ಪಟ್ಟು ನುಂಗಿದ್ದರು.

ವಸಂತ ಅಮೀರ್ ಭಾಯಿಯ ಮುಖ ನೋಡಿದಳು. ಅವರು ಅಧ್ಯಯನದಲ್ಲಿದ್ದರು ಎಂಬುದನ್ನು ಒಡಹುಟ್ಟಿದವರಿಗೂ ನಾವಾಗಿ ಹೇಳುವಂತಿಲ್ಲ. ಅವರು ಯಾವ ಷರತ್ತಿಗೆ ಒಪ್ಪಿದ್ದರು ಎಂಬುದನ್ನಂತೂ ಹೇಳುವಂತೆಯೇ ಇಲ್ಲ. ಲೋಟ ಹಿಡಿದುಕೊಂಡೇ, "ಭಾಯ್, ಹೇಳೋದಿದ್ರೆ ನೀವೇ ಹೇಳ್ಬೇಕು. ಬೇಗ ಹೇಳಿ" ಎಂದಳು.

ಅವರು ನೆಲ ನೋಡಿದರು. "ಎಪ್ಪತ್ತಕ್ಕಿಂತ ಕೆಳಗೆ ಹೋದ್ರೆ ರೋಜಾ ಮುರೀಬೇಕು ಅಂತ ನಂಗೂ ಹೇಳಿದ್ರು ಆಪಾ. ಒಪ್ಕೊಂಡು ಸೈನ್ ಹಾಕಿದೀನಿ. ಆದ್ರೆ ರೋಜಾ ಇಟ್ಟೋರಿಗೆ ಮುರೀರಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಅದೊಂದು ಬಿಟ್ಬಿಟ್ಟೆ."

"ಸಪೋಟ ಮಾರೋವಾಗ ಊರೆಲ್ಲ ಕೇಳೋ ಹಂಗ್ ಕೂಗ್ತೀಯಲ್ಲೋ, ಆ ಬಾಯಲ್ಲೇ ಹೇಳ್ಬೇಕಿತ್ತು!" ಎಂದು ಬೈದು, ಖೈರುನ್ನಿಸಾ ಕೈಚಾಚಿದರು. "ಕೊಡಮ್ಮಾ ಇಲ್ಲಿ."

ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತಿತು. ಆ ಮಾತ್ರೆಯಿಂದ ಸಕ್ಕರೆ ಮತ್ತೆ ಇಳಿಯಬಹುದು ಎಂದು ಅವರನ್ನು ಮರುದಿನದವರೆಗೆ ವಾರ್ಡಿನಲ್ಲೇ ಇಟ್ಟುಕೊಂಡರು.

ಸಂಜೆ ಡಾಕ್ಟರ್ ನಂದಿನಿ ನಮ್ಮಿಬ್ಬರನ್ನೂ ಕರೆದರು. "ಆಧಾ-ಪೂರಾ ಸರಿ ಅಂತ ಹೇಳೋ ಹಾಗಿಲ್ಲ, ತಪ್ಪು ಅಂದ್ರೆ ಸುಳ್ಳು. ಸುಮ್ನಿದ್ರೆ ಇನ್ಯಾರೋ ಬೀಳ್ತಾರೆ" ಎಂದರು. ಆಮೇಲೆ ತಾವೇ ದಾರಿ ಹುಡುಕಿದರು. ಎಪ್ಪತ್ತರ ಮಿತಿ ನಮ್ಮ ಸಂಶೋಧನೆಯಲ್ಲ, ಮೊದಲಿನಿಂದ ಇರುವ ವೈದ್ಯಕೀಯ ಎಚ್ಚರಿಕೆ. ಅದನ್ನು ಯಾರಿಗಾದರೂ ಹೇಳಬಹುದು. ಮಾತ್ರೆಯ ಲೆಕ್ಕ ಮಾತ್ರ ಆಸ್ಪತ್ರೆಯಿಂದ ಹೊರಗೆ ಹೋಗಬಾರದು. ಬಂದವರನ್ನು ಸಾಮಾನ್ಯ ರೋಗಿಗಳಂತೆ ಪರೀಕ್ಷಿಸಿ ಒಬ್ಬೊಬ್ಬರಿಗೂ ಅವರದೇ ಚೀಟಿ ಬರೆಯಬೇಕು. ಸಮಿತಿಯೂ ಇದಕ್ಕೆ ಒಪ್ಪಿತು, ಹೊರರೋಗಿ ವಿಭಾಗದ ಸಮಯ ಹೆಚ್ಚಿಸಿದರು.

"ನನ್ನ ಹೆಸರೇ ಹೇಳ್ರೀ, ಪರವಾಗಿಲ್ಲ" ಎಂದರು ಅಮೀರ್ ಭಾಯಿ. ನಾವು ಹೇಳಲಿಲ್ಲ. ಅವರೇ ಹೇಳಿದರು. ಖರ್ಜೂರದ ಪೊಟ್ಟಣ ಕೊಡುವಾಗಲೆಲ್ಲ, "ತಲೆ ತಿರುಗಿದ್ರೆ, ಬೆವರು ಬಂದ್ರೆ ರೋಜಾ ಬಿಟ್ಬಿಡಿ, ಆಸ್ಪತ್ರೆಗೆ ಹೋಗಿ, ನನ್ನ ಲೆಕ್ಕ ನನಗೆ ಮಾತ್ರ" ಎಂದು ಸೇರಿಸುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಖೈರುನ್ನಿಸಾ ಕೂತಿರುತ್ತಿದ್ದರು. ದನಿ ತಗ್ಗಿದರೆ, "ಜೋರಾಗಿ ಹೇಳೋ, ಸಪೋಟ ಅನ್ಕೋ" ಎಂದು ಗದರುತ್ತಿದ್ದರು. ಆ ತಿಂಗಳು ಮತ್ತೆ ಯಾರೂ ಹಾಗೆ ನಡುಗುತ್ತಾ ನಮ್ಮಲ್ಲಿಗೆ ಬರಲಿಲ್ಲ.

ಹಬ್ಬ ಕಳೆದ ಮೇಲೆ ಅಧ್ಯಯನಕ್ಕೆ ಒಪ್ಪಿಗೆ ಸಿಕ್ಕಿತು. ಅದನ್ನು ಆಸ್ಪತ್ರೆಯ ಚಿಕಿತ್ಸೆಯಾಗಿ ಮಾಡುವ ಸಭೆಯಲ್ಲಿ ಆಡಳಿತದವರೊಬ್ಬರು, ಸಿಬ್ಬಂದಿ ಕಡಿಮೆ, ಮಾತ್ರೆ ಕ್ರಮ ಇಟ್ಟುಕೊಂಡು ಫೋನ್ ಕರೆ ಬಿಟ್ಟುಬಿಡೋಣ ಎಂದರು. ವಸಂತ ಎದ್ದು ನಿಂತಳು. "ಫೋನ್ ಇಲ್ದೆ ಈ ಕ್ರಮಾನ ನಾವು ಪರೀಕ್ಷೆ ಮಾಡೇ ಇಲ್ವಲ್ಲ ಸರ್" ಎಂದಷ್ಟೇ ಹೇಳಿ ಕೂತಳು. ಕರೆಯೂ ಚಿಕಿತ್ಸೆಯ ಭಾಗವಾಯಿತು. ಸಂಶೋಧನೆಯನ್ನು ಜನರಿಗೆ ಕೊಡುವಾಗ ಹಿತವಾದ ಅರ್ಧವನ್ನಷ್ಟೇ ಕೊಡಬಾರದು ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿದ್ದು ಹೀಗೆ. ಮುಜುಗರದ ಅರ್ಧವೂ ಔಷಧಿಯೇ.

ಮುಂದಿನ ವರ್ಷ ವಸಂತ ತೀರಿಕೊಂಡಳು. ಎದೆನೋವು ಎಂದು ಕೂತವಳು ಏಳಲಿಲ್ಲ. ಈಗ ನಾನೂ ನಿವೃತ್ತ. ಕರೆಗಳು ನಿಂತಿಲ್ಲ. ಹೊಸ ನರ್ಸ್ ಹುಡುಗಿ ಜಾಣೆ, ಫೋನ್ ಎತ್ತಿದ ತಕ್ಷಣ ಮೀಟರಿನ ಅಂಕಿ ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ. ಖೈರುನ್ನಿಸಾ ಕ್ಷೇಮವಾಗಿದ್ದಾರೆ. ಇದೆಲ್ಲ ನೋಡಿದರೆ ಮನಸ್ಸಿಗೆ ಸಮಾಧಾನವೇ.

ವಸಂತ ಅಂಕಿಗಿಂತ ಮೊದಲು, "ಸಹರಿಗೆ ಏನ್ ತಿಂದ್ರಿ?" ಎಂದು ಕೇಳುತ್ತಿದ್ದಳು. ಯಾರ ಮನೆಯಲ್ಲಿ ಖಿಚಡಿ, ಯಾರ ಮನೆಯಲ್ಲಿ ಉಳಿದ ಚಪಾತಿ ಎಂದು ರಾತ್ರಿ ಊಟಕ್ಕೆ ಕೂತಾಗ ನನಗೆ ವರದಿ ಒಪ್ಪಿಸುತ್ತಿದ್ದಳು. ಶಿವಾಜಿನಗರದವರು ಸಹರಿಗೆ ಏನು ತಿಂದರು ಎಂಬುದು ನನಗೆ ಈಗ ಗೊತ್ತಾಗುವುದಿಲ್ಲ.