ಎದುರು ಫ್ಲಾಟಿನ ಸಿಸ್ಟರ್ ಓಡಿದ ದಾರಿಗಳು

ಎದುರು ಫ್ಲಾಟಿನ ಸಿಸ್ಟರ್ ಅವರ ಬಲಗಾಲಿನ ಹೆಬ್ಬೆರಳ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಏನೋ ಬಿದ್ದು ಜಜ್ಜಿದೆ ಎಂದುಕೊಂಡು ಒಂದು ದಿನ ಅರಸಿನ ಕಲಸಿ ತಂದೆ. ಅವರು ನಕ್ಕುಬಿಟ್ಟರು.

"ಗಾಯ ಅಲ್ಲ ಅಕ್ಕಾ, ಇದು ಓಡುವವರ ಮೂಗುತಿ. ಶೂಸಿನ ತುದಿಗೆ ತಾಗಿ ತಾಗಿ ಹೀಗಾಗುವುದು."

ಮಕ್ಕಳೇ, ನೀವು ಅವರನ್ನು ನರ್ಸ್ ಆಂಟಿ ಎನ್ನುತ್ತಿದ್ದಿರಿ. ಮಂಗಳೂರು ಕಡೆಯ ಕೊಂಕಣಿಯವರು, ದುಬೈಯ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ನರ್ಸ್. ಗಂಡ ಮೊದಲೇ ತೀರಿಕೊಂಡಿದ್ದರು. ನಿಮ್ಮ ಅಜ್ಜ ಹೋದ ಮೇಲೆ ನಿಮ್ಮ ಅಪ್ಪ ನನ್ನನ್ನು ದುಬೈಯ ಈ ಕುಸೈಸ್ ಬಡಾವಣೆಗೆ ಕರೆತಂದಾಗ ನಾನು ಯಾರ ಮುಖವನ್ನೂ ನೋಡದ ಹೆಂಗಸಾಗಿದ್ದೆ. ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತವಳು. ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಹತ್ತುತ್ತಿರಲಿಲ್ಲ, ಅದು ಖಾಲಿಯಾಗಿ ಬರುವ ತನಕ ಕಾಯುತ್ತಿದ್ದೆ. ಹಾಗೆ ಕಾಯುತ್ತಾ ನಿಂತವಳ ಮಣಿಕಟ್ಟು ಹಿಡಿದು, ತಮ್ಮ ವಾಚು ನೋಡುತ್ತಾ ಅವರು ಹೇಳಿದ ಮೊದಲ ಮಾತು, "ತೊಂಬತ್ತಾರು! ಯಾರಿಗೆ ಇಷ್ಟು ಹೆದರಿದ್ದೀರಿ ಮಾರಾಯ್ರೆ?"

ಅವರಿಗೆ ನಮಸ್ಕಾರ ಎಂದರೆ ನಾಡಿ ಹಿಡಿಯುವುದೇ. ಕಟ್ಟಡದ ವಾಚ್‌ಮ್ಯಾನ್‌ನಿಂದ ಹಿಡಿದು ನಿಮ್ಮ ಅಮ್ಮನವರೆಗೆ ಎಲ್ಲರ ನಾಡಿಯೂ ಅವರಿಗೆ ಬಾಯಿಪಾಠ.

ಡ್ಯೂಟಿಗೆ ಹೋಗುವ ಮೊದಲು ಅವರು ಪಾರ್ಕಿನಲ್ಲಿ ಓಡುತ್ತಿದ್ದರು. ಚೂಡಿದಾರದ ಮೇಲೆ ಓಡುವ ಶೂಸು, ದುಪಟ್ಟಾ ಸೊಂಟಕ್ಕೆ ಬಿಗಿದು. ಜನ ನೋಡುತ್ತಾರಲ್ಲ ಎಂದರೆ, "ನೋಡಲಿ. ಹೆದರಿಕೆ ಬೇಕಾದರೆ ಜೊತೆಗೇ ಬರಲಿ, ಕಾಲು ನಿಲ್ಲಬಾರದು" ಎನ್ನುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಈ ಕಟ್ಟಡದಲ್ಲೇ ಬೆಳೆದ ಹುಡುಗಿ, ಫ್ರಾನ್ಸಿನವನನ್ನು ಮದುವೆಯಾಗಿ ಅಲ್ಲಿನ ಒಂದು ಗುಡ್ಡಗಾಡು ಹಳ್ಳಿಯಲ್ಲಿ ಇದ್ದಳು. ಅವಳ ಬಾಣಂತನಕ್ಕೆಂದು ಸಿಸ್ಟರ್ ಕೂಡಿಟ್ಟ ರಜೆಯನ್ನೆಲ್ಲ ಹಾಕಿ, ಬಾಣಂತಿ ಪುಡಿ, ಕೊಬ್ಬರಿ ಎಣ್ಣೆ ಕಟ್ಟಿಕೊಂಡು ಸೆಪ್ಟೆಂಬರಿನಲ್ಲಿ ಹೊರಟರು. ಜೊತೆಗೆ ಶೂಸು.

ಅಲ್ಲಿ ಅಳಿಯ ಬೆಳಗ್ಗೆಯೇ ಕೆಲಸಕ್ಕೆ ಹೋಗುತ್ತಿದ್ದ. ರಾತ್ರಿಯಿಡೀ ಎಚ್ಚರವಿದ್ದ ಮಗಳು, ಮಗು ಇಬ್ಬರೂ ಬೆಳಗ್ಗೆ ನಿದ್ದೆ ಮಾಡುತ್ತಿದ್ದರು. ಆಗ ಒಂದು ಗಂಟೆ ಇವರು ಕಾಡಿಗೆ ಓಡುವುದು. ಒಳಗೆ ಫೋನಿನ ಸಿಗ್ನಲ್ ಇಲ್ಲ. ಬೇಟೆಯವರ ಗುಂಡು ತಾಗಬಾರದೆಂದು ಕಿತ್ತಳೆ ಬಣ್ಣದ ಜಾಕೆಟ್ ಬೇರೆ ಹಾಕಿಕೊಳ್ಳಬೇಕಂತೆ. ಅದನ್ನು ಕೇಳಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ.

"ಸರಿ ಅಕ್ಕಾ, ನಿಮಗೆ ಹೇಳಿಯೇ ಹೋಗುತ್ತೇನೆ. ಆಯಿತಾ?" ಎಂದು ಅವರೇ ಒಂದು ಕ್ರಮ ಮಾಡಿದರು. ಹೊರಡುವಾಗ ಫೋನಿಗೆ ಒಂದು ವಾಯ್ಸ್ ಮೆಸೇಜ್, "ಹೊರಟೆ, ಶಿಲುಬೆ ದಾರಿ." ತಿರುಗಿ ಬಂದು ಇನ್ನೊಂದು, "ಬಂದೆ." ಆಮೇಲೆ ಏದುಸಿರು ಬಿಡುತ್ತಾ ದಾರಿಯ ವರ್ಣನೆ. ದಾರಿಗಳಿಗೆ ಹೆಸರಿಟ್ಟವರೂ ಅವರೇ. ಕಲ್ಲಿನ ಶಿಲುಬೆ ಇರುವುದು ಶಿಲುಬೆ ದಾರಿ, ಹೊಲಗಳ ಅಂಚಿನದು ದನದ ದಾರಿ, ಕಾಡುಹಂದಿಗಳು ಮಣ್ಣು ಕೆದಕಿದ್ದು ಹಂದಿ ದಾರಿ. ಎಲ್ಲಿ ಏರು, ಎಲ್ಲಿ ಎಲೆ ಒದ್ದೆಯಾಗಿ ಜಾರುತ್ತದೆ, ಎಲ್ಲಿ ಅಣಬೆ ಎದ್ದಿದೆ, ಎಲ್ಲ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಅದನ್ನು ಎರಡೆರಡು ಸಲ ಕೇಳುತ್ತಿದ್ದೆ. ಪಾಸ್‌ಪೋರ್ಟಿನಲ್ಲಿ ಈ ಒಂದು ದೇಶದ ಮುದ್ರೆ ಬಿಟ್ಟರೆ ಬೇರೆ ಇಲ್ಲದ ನನಗೆ ಆ ಕಾಡು ಕಾಲಿಗೇ ಗೊತ್ತಾಗಿತ್ತು.

ನಮ್ಮ ಹನ್ನೊಂದಕ್ಕೆ "ಹೊರಟೆ", ಹನ್ನೆರಡಕ್ಕೆ "ಬಂದೆ". ಒಂದು ಭಾನುವಾರ ಹನ್ನೊಂದು ಕಳೆದರೂ ಏನೂ ಬರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಇನ್ನು ಕಾಯಲಾಗಲಿಲ್ಲ. ರಜೆಯಲ್ಲಿ ಮನೆಯಲ್ಲಿದ್ದ ನಿಮ್ಮ ಅಪ್ಪನ ಕೈಯಿಂದ ಸಿಸ್ಟರ್ ಮಗಳಿಗೆ ಫೋನ್ ಮಾಡಿಸಿದೆ. ಮಗು ಕಿರುಚಿ ಅಳುವುದು ಕೇಳಿಸಿತು. ಫೋನ್ ತೆಗೆದುಕೊಂಡವರು ಸಿಸ್ಟರ್ ಅವರೇ.

"ಎಂತ ಅಕ್ಕಾ? ನಾನಿನ್ನೂ ಕಾಫಿ ಕುಡಿಯುತ್ತಾ ಇದ್ದೇನೆ! ಇಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಇವತ್ತಿನಿಂದ ನಿಮ್ಮ ಹನ್ನೆರಡಕ್ಕೆ ನಾನು ಹೊರಡುವುದು."

ಅವರ ಹಿಂದಿನಿಂದ ಮಗಳ ದನಿ, "ಮಮ್ಮಿ, ಆಂಟಿಗೆ ಸ್ವಲ್ಪ ಹೇಳಿ. ಮಗು ಈಗಷ್ಟೇ ಮಲಗಿತ್ತು."

ಅವಳು ಜೋರಾಗೇನೂ ಹೇಳಲಿಲ್ಲ. ಆದರೆ ನಾನು ನಾಚಿಕೆಯಿಂದ ಹಿಡಿಯಷ್ಟಾದೆ. "ಅಮ್ಮಾ, ಖಲಾಸ್, ಬಿಡು" ಎಂದು ನಿಮ್ಮ ಅಪ್ಪ ನಕ್ಕ. ಇನ್ನು ಜನ್ಮದಲ್ಲಿ ಆ ಮನೆಗೆ ಫೋನ್ ಮಾಡುವುದಿಲ್ಲ ಎಂದುಕೊಂಡೆ.

ಹತ್ತು ದಿನ ಕಳೆದಿರಬಹುದು. ವಾರದ ಮಧ್ಯೆ. ನಿಮ್ಮ ಅಪ್ಪ ದೂರದ ಮದೀನತ್ ಜಾಯೆದ್‌ನಲ್ಲಿ ಡ್ಯೂಟಿಯಲ್ಲಿದ್ದ, ನಿಮ್ಮ ಅಮ್ಮ ಆಫೀಸಿನಲ್ಲಿ, ನೀವು ಶಾಲೆಯಲ್ಲಿ. ಹನ್ನೆರಡಕ್ಕೆ ಮೆಸೇಜ್ ಬಂತು, "ಹೊರಟೆ, ಹಂದಿ ದಾರಿ. ರಾತ್ರಿ ಮಳೆ ಬಂದಿದೆ." ಒಂದು ಗಂಟೆಯಾಯಿತು. ಒಂದೂ ಇಪ್ಪತ್ತಾಯಿತು. ಅವರು ಎಂದೂ ಅಷ್ಟು ತಡ ಮಾಡಿದವರಲ್ಲ. ಏನೋ ಆಗಿದೆ ಎಂದು ಒಂದೂ ಇಪ್ಪತ್ತಕ್ಕೇ ನನಗೆ ಗೊತ್ತಾಗಿತ್ತು.

ಆದರೆ ನಾನು ಏನು ಮಾಡಿದೆ? ಪುನಃ ಗಡಿಯಾರ ತಿರುಗಿಸಿರಬಹುದು ಎಂದುಕೊಂಡೆ. ಮಗು ಎದ್ದು ಅವರಿಗೆ ಪುರುಸೊತ್ತಾಗಿಲ್ಲ ಎಂದುಕೊಂಡೆ. ತೊಳೆದ ಅಕ್ಕಿಯನ್ನೇ ಪುನಃ ತೊಳೆದೆ. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಮಗಳ ನಂಬರಿನ ಎದುರು ಹೋಗಿ ನಿಂತೆ, ತಿರುಗಿ ಬಂದೆ. "ಆಂಟಿಗೆ ಸ್ವಲ್ಪ ಹೇಳಿ" ಎನ್ನುವ ಮಾತು ಕಿವಿಯಲ್ಲೇ ಇತ್ತು. ಹೀಗೆ ಎರಡೂ ನಲವತ್ತಾಯಿತು. ಆಗ ನಂಬರು ಒತ್ತಿದೆ, ಎರಡು ಸಲ ತಪ್ಪಿ, ಮೂರನೆಯ ಸಲ.

"ಆಂಟಿ?" ನಿದ್ದೆಗಣ್ಣಿನ ದನಿ.

"ಮಮ್ಮಿ ಬಂದರಾ ಮಗಾ?"

ಬಾಗಿಲು ತೆರೆದ ಸದ್ದು. ಆಮೇಲೆ, "ಶೂಸ್ ಇಲ್ಲ ಆಂಟಿ. ಯಾವ ಕಡೆ ಹೋಗಿದ್ದಾರೆ?"

"ಹಂದಿ ದಾರಿ."

"ಎಂತ ಹಂದಿ ದಾರಿ? ಹಾಗೆಂದರೆ ಯಾವುದು? ನನಗೆ ಗೊತ್ತಿಲ್ಲ!"

ನನಗೆ ಗೊತ್ತಿತ್ತು. ಅವಳು ಮಗುವನ್ನು ಎತ್ತಿಕೊಂಡು ಪಕ್ಕದ ಮನೆಯ ರೈತನ ಬಳಿಗೆ ಓಡಿದಳು. ನಾನು ಹೇಳಿದ್ದನ್ನು ಅವಳು ಅವರ ಭಾಷೆಯಲ್ಲಿ ಅವನಿಗೆ ಹೇಳಿದಳು. ಇಗರ್ಜಿಯ ಹಿಂದಿನಿಂದ ಇಳಿಯಬೇಕು. ತೋಡಿಗೆ ಹಾಕಿದ ಹಲಗೆ ದಾಟಬೇಕು. ಕಡಿದ ಮರಗಳನ್ನು ಪೇರಿಸಿಟ್ಟಲ್ಲಿ ಎಡಕ್ಕೆ, ಬಲಕ್ಕಲ್ಲ. ದೊಡ್ಡ ಏರು. ಏರು ಮುಗಿದ ಮೇಲೆ ಜಾರುವ ಇಳಿಜಾರು, ಅಲ್ಲಿ ನೋಡಿ. ಅಷ್ಟು ಉದ್ದ ನಾನು ಯಾರೊಡನೆಯೂ ಮಾತನಾಡಿದವಳಲ್ಲ.

ಸಿಸ್ಟರ್ ಆ ಇಳಿಜಾರಿನ ಕೆಳಗೇ ಸಿಕ್ಕಿದರು. ಪಾದದ ಗಂಟು ಮುರಿದಿತ್ತು, ಚಳಿಗೆ ತುಟಿ ನೀಲಿಯಾಗಿ ಮಾತು ತೊದಲುತ್ತಿತ್ತಂತೆ. ಆಪರೇಷನ್ ಮಾಡಿ ಸ್ಕ್ರೂ ಹಾಕಿದರು. ಕೋಲು ಹಿಡಿದು ಕುಸೈಸಿಗೆ ಬಂದರು, ಆಸ್ಪತ್ರೆಯವರು ಮೇಜಿನ ಮುಂದೆ ಕುಳಿತು ಮಾಡುವ ಡ್ಯೂಟಿ ಕೊಟ್ಟರು. ಓಡುವುದು ಅಲ್ಲಿಗೆ ಮುಗಿಯಿತು.

ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅವರು ಹೇಳುವುದು ಒಂದೇ. "ನೋಡಿ, ಇವರು ಇಲ್ಲಿ ಕುಳಿತು ನನ್ನನ್ನು ಅಲ್ಲಿ ಹುಡುಕಿದವರು. ಒಂದು ನಿಮಿಷ ತಡ ಮಾಡಲಿಲ್ಲ ನಮ್ಮ ಅಕ್ಕ." ನಾನು ನೆಲ ನೋಡುತ್ತಿದ್ದೆ. ನಾಚಿಕೆಯ ಸ್ವಭಾವ ಎಂದು ಎಲ್ಲರೂ ತಿಳಿದರು.

ಎಷ್ಟೋ ಸಲ ಹೇಳಲು ಹೊರಟೆ. ಒಮ್ಮೆ ಅವರ ಕಾಲಿಗೆ ಎಣ್ಣೆ ಹಚ್ಚುತ್ತಾ, "ಸಿಸ್ಟರ್, ಆ ದಿನ ನಾನು..." ಎಂದೆ. "ಆ ದಿನ ನೀವು ಇಲ್ಲದಿದ್ದರೆ ನಾನು ಅಲ್ಲೇ ಖಲಾಸ್" ಎಂದು ನನ್ನ ತಲೆ ಸವರಿದರು. ನಾನು ಪುನಃ ಎಣ್ಣೆ ಹಚ್ಚತೊಡಗಿದೆ.

ಹೋದ ವರ್ಷ ಒಂದು ಬೆಳಗ್ಗೆ ಎದೆನೋವೆಂದು ಡ್ಯೂಟಿಯಲ್ಲೇ ಕುಸಿದರು. ಅವರದೇ ಆಸ್ಪತ್ರೆ, ಸುತ್ತ ಅವರದೇ ಜನ. ಆದರೂ ಉಳಿಯಲಿಲ್ಲ.

ಫ್ಲಾಟ್ ಖಾಲಿ ಮಾಡಲು ಬಂದ ಮಗಳಿಗೆ ನಾನು ಎಲ್ಲ ಹೇಳಿದೆ. ಒಂದೂ ಇಪ್ಪತ್ತು, ಎರಡೂ ನಲವತ್ತು, ಎಲ್ಲ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ನನಗೆ ಅವತ್ತೇ ಗೊತ್ತಾಗಿತ್ತು ಆಂಟಿ. ನಿಮ್ಮ ಫೋನ್ ಬಂದ ಸಮಯ ನನ್ನ ಮೊಬೈಲಿನಲ್ಲೇ ಇತ್ತಲ್ಲ. ಆ ಭಾನುವಾರ ನಾನು ಹಾಗೆ ಹೇಳದಿದ್ದರೆ ನೀವು ಬೇಗ ಮಾಡುತ್ತಿದ್ದಿರಿ. ಅದಕ್ಕೇ ನಾನೂ ಮಮ್ಮಿಗೆ ಹೇಳಲಿಲ್ಲ."

ನಾವಿಬ್ಬರೂ ಖಾಲಿ ಕೋಣೆಯ ನೆಲದಲ್ಲಿ ಕುಳಿತು ಅತ್ತೆವು. ಅವಳು ನನ್ನನ್ನು ಕ್ಷಮಿಸಿದಳು, ನಾನು ಅವಳನ್ನು. ಕ್ಷಮಿಸಬೇಕಾಗಿದ್ದ ಒಬ್ಬರಿಗೆ ಮಾತ್ರ ನಾವಿಬ್ಬರೂ ಆ ಅವಕಾಶ ಕೊಡಲಿಲ್ಲ.