ದೊಡ್ಡಪ್ಪನ ಗೋಡೆಗೆ ಪಾಚಿ ಬಿಟ್ಟವಳು

ಬೆಳಗಿನ ಐದೂವರೆ. ಕೊಳದ ನೀರೆಲ್ಲ ಬಸಿದುಹೋಗಿದೆ. ತಳದ ಜಾಲರಿ ಕಡೆಯ ಗುಟುಕನ್ನು ನುಂಗಿ ಗೊಳಕ್ಕೆಂದು ಸದ್ದು ಮಾಡುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ಕಬ್ಬಿಣದ ಏಣಿ ಹಿಡಿದು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. ಹೆಗಲ ಮೇಲೆ ಉದ್ದ ಹಿಡಿಯ ಬ್ರಷ್ಷು, ಸೊಂಟದಲ್ಲಿ ಸಿಕ್ಕಿಸಿದ ಮೋಟು ಬ್ರಷ್ಷು. ತಳಕ್ಕೆ ಕಾಲಿಟ್ಟವಳು ಮೊದಲು ಬ್ರಷ್ಷು ಎತ್ತುವುದಿಲ್ಲ. ಬಗ್ಗಿ ಅಂಗೈಯಿಂದ ಗೋಡೆ ಸವರುತ್ತಾಳೆ, ಕಲಸಿದ ಹಿಟ್ಟು ಹದಕ್ಕೆ ಬಂದಿದೆಯೇ ಎಂದು ನೋಡುವ ಹಾಗೆ. ಜಾರಿದರೆ ಪಾಚಿ ಕೂತಿದೆ ಎಂದರ್ಥ. ಜಾರದಿದ್ದರೆ ಮುಂದಿನ ಮೊಳಕ್ಕೆ ಹೋಗುತ್ತಾಳೆ.

ಪಕ್ಕದ ಕಿರುಕೊಳದ ಸರಳುಗಳ ಹಿಂದಿನಿಂದ ಗಂಟಲು ಕಟ್ಟಿದ ನಾಯಿಯಂಥ ಒರಟು ದನಿಯೊಂದು ಕೂಗುತ್ತದೆ.

"ಬಂದೆ ಕಣೋ ದೊಡ್ಡಪ್ಪ! ನಿನ್ನ ಮನೆ ತೊಳೀಬೇಕೋ ಬೇಡ್ವೋ? ಕೂಗಿದ್ರೆ ನನಗೇನು ಇನ್ನೆರಡು ಕೈ ಮೊಳೆಯುತ್ತಾ?"

ದೊಡ್ಡಪ್ಪ ಎಂದರೆ ಇಪ್ಪತ್ಮೂರು ವರ್ಷದ ಗಂಡು ಕಡಲಸಿಂಹ, ಸೀಲ್ ಜಾತಿಯ ಪ್ರಾಣಿ. ತೂಕ ಇನ್ನೂರ ನಲವತ್ತು ಕಿಲೋ, ದಿನಕ್ಕೆ ಹತ್ತು ಕಿಲೋ ಮೀನು. ಈ ಪ್ರಾಣಿ ಉದ್ಯಾನದಲ್ಲಿ ಅವನಿಗಿಂತ ಹಳಬರು ಇಬ್ಬರೇ. ಒಂದು ಪಂಪು, ಇನ್ನೊಂದು ಈ ಹೆಂಗಸು. ಅವನ ಎಡಗಣ್ಣು ಪೂರ್ತಿ ಬೆಳ್ಳಗಾಗಿದೆ, ಅದು ಹೋಗಿ ಮೂರು ವರ್ಷ. ಬಲಗಣ್ಣಿಗೂ ಮಂಜು ಕವಿಯತೊಡಗಿದಾಗ ಕೊಳದ ಬಣ್ಣವನ್ನೇ ಬದಲಿಸಲಾಯಿತು. ಅದಕ್ಕೆ ಇವತ್ತಿಗೆ ಆರು ತಿಂಗಳು. ಹನ್ನೆರಡು ಗಂಟೆಗೆ ವೈದ್ಯೆ ಬಂದು ಕಣ್ಣು ನೋಡುತ್ತಾರೆ. ಗುಣ ಕಂಡರೆ ಬಣ್ಣ ಉಳಿಯುತ್ತದೆ. ಕಾಣದಿದ್ದರೆ ರಜೆಯ ಜನ ಬರುವ ಮೊದಲು ಕೊಳಕ್ಕೆ ಮತ್ತೆ ತಿಳಿನೀಲಿ ಬಳಿಯಬೇಕೆಂದು ಆಡಳಿತದವರು ಆಗಲೇ ಡಬ್ಬಿ ತರಿಸಿಟ್ಟಿದ್ದಾರೆ.

ಹೆಂಗಸಿಗೆ ಇಲ್ಲಿ ಎಲ್ಲರೂ ಕರೆಯುವುದು ಪಾಚಿಯಕ್ಕ ಎಂದು. ಮೊದಮೊದಲು ಅದು ಅಣಕದ ಮಾತು. ಈಗ ಹಾಜರಿ ಕರೆಯುವವರೂ ಬಾಯಿತಪ್ಪಿ ಹಾಗೆಯೇ ಕರೆಯುತ್ತಾರೆ, ಇವಳೂ ಓಗೊಡುತ್ತಾಳೆ. ವಯಸ್ಸು ಐವತ್ತೆರಡು, ಓದಿದ್ದು ನಾಲ್ಕನೇ ತರಗತಿವರೆಗೆ. ಅಪ್ಪ ಇದೇ ಉದ್ಯಾನದ ಪಂಪ್‌ಮನೆಯಲ್ಲಿದ್ದರು. ಪಂಪ್‌ಮನೆಯ ಹಿಂದಿನ ಎರಡು ಕೋಣೆಗಳಲ್ಲೇ ಇವಳು ಹುಟ್ಟಿ ಬೆಳೆದದ್ದು. ಹತ್ತೊಂಬತ್ತಕ್ಕೆ ಮೀನು ಆಯುವ ಕೆಲಸಕ್ಕೆ ಸೇರಿದಳು, ಇಪ್ಪತ್ತೆರಡಕ್ಕೆ ಕೈಗೆ ಬ್ರಷ್ಷು ಬಂತು. ಅಂದಿನಿಂದ ಸೋಮವಾರ ಮತ್ತು ಗುರುವಾರ ಕೊಳ ಖಾಲಿ ಮಾಡಿ ತೊಳೆಯುವುದು, ಉಳಿದ ದಿನ ಗಾಜು, ಮೆಟ್ಟಿಲು, ಮೀನಿನ ಬಕೆಟ್ಟು. ಗೋಡೆ ಎರಡಾಳೆತ್ತರ, ಸುತ್ತಳತೆ ತೊಂಬತ್ತು ಹೆಜ್ಜೆ. ಒಂದು ಬ್ರಷ್ಷು ಬಾಳುವುದು ಹನ್ನೊಂದು ದಿನ. ಇವಳ ಬಲಗೈಯ ಹೆಬ್ಬೆರಳು ಬ್ರಷ್ಷಿನ ಹಿಡಿಗೆ ಹೊಂದಿಕೊಂಡು ಹೊರಕ್ಕೆ ಬಾಗಿದೆ.

"ಮನೇಲಿ ಚಮಚ ಹಿಡಿದ್ರೂ ಹೀಗೇ ಹಿಡಿಯೋದು. ನಮ್ಮತ್ತೆ ನಗಾಡ್ತಾರೆ. ಸಾರು ಕಲಕ್ತಿದ್ದೀಯೋ, ಪಾತ್ರೆ ಕೆರೀತಿದ್ದೀಯೋ ಅಂತ."

ಬಂದವರು ಏನು ಕೇಳುತ್ತಾರೆ ಎಂಬುದನ್ನು ಇವಳಷ್ಟು ವರ್ಷ ನೋಡಿದವರು ಇಲ್ಲಿ ಇನ್ನೊಬ್ಬರಿಲ್ಲ. ಮೂವತ್ತು ವರ್ಷದ ಹಿಂದೆ ಜನರ ಬಾಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಆಟ ಎಷ್ಟು ಹೊತ್ತಿಗೆ? ಕಡಲಸಿಂಹ ಚೆಂಡು ಎತ್ತಿದರೆ ಚಪ್ಪಾಳೆ, ಎತ್ತದಿದ್ದರೆ ಗೊಣಗಾಟ. ಈಗಿನವರು ಬೇರೆ. ನೀರು ಎಷ್ಟು ಆಳ, ನೆರಳು ಎಲ್ಲಿದೆ, ಒಂದೇ ಸಮನೆ ಸುತ್ತು ಹಾಕುತ್ತದಲ್ಲ, ಅದಕ್ಕೇನು ಬೇಜಾರೋ, ಕಾಯಿಲೆಯೋ? ಗೋಡೆಯ ಬಣ್ಣ ಯಾಕೆ ಎದ್ದಿದೆ, ವಾಸನೆ ಯಾಕೆ? ಬಾಗಿಲ ಬಳಿಯ ಡಬ್ಬಿಗೆ ವಾರಕ್ಕೆ ಎಪ್ಪತ್ತು ಚೀಟಿಯಾದರೂ ಬೀಳುತ್ತವೆ. ಕೆಲಸದವರಲ್ಲಿ ಅನೇಕರು ಅದಕ್ಕೆ ಮೂಗು ಮುರಿಯುತ್ತಾರೆ. ಪಾಚಿಯಕ್ಕ ಮುರಿಯುವುದಿಲ್ಲ.

"ಕೇಳ್ಲಿ ಬಿಡಿ. ಅವನಿಗೆ ಬಾಯಿಲ್ಲ, ಇವರಿಗಿದೆ. ಆದ್ರೆ ಅವರು ನೋಡೋದು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷಕ್ಕೆ ಎಷ್ಟು ಕಾಣುತ್ತೋ ಅಷ್ಟೇ ಬರೀತಾರೆ. ನಾನು ಮೂವತ್ತು ವರ್ಷ ನೋಡಿದೋಳು, ನಂಗೇ ಕಾಣ್ಲಿಲ್ಲವಲ್ಲ!"

ಕಾಣದೇ ಹೋದದ್ದು ಏನು ಎಂದು ಕೇಳಿದರೆ ಅವಳು ಬ್ರಷ್ಷು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂರುತ್ತಾಳೆ. ಹೇಳುವಾಗ ದನಿ ತಗ್ಗುತ್ತದೆ.

ಐದು ವರ್ಷದ ಹಿಂದೆ ಈ ಕೊಳ ಬರೀ ಸಿಮೆಂಟಿನದು, ಬೂದು ಬಣ್ಣ. ನೀರು ಕೊಳಕಾಗಿದೆ, ಪಾಪದ ಪ್ರಾಣಿಯನ್ನು ಚರಂಡಿಯಲ್ಲಿ ಇಟ್ಟಿದ್ದೀರಿ ಎಂದು ಚೀಟಿ ಮೇಲೆ ಚೀಟಿ ಬಂದವು. ನೀರು ಕೊಳಕಿರಲಿಲ್ಲ, ಗೋಡೆಯ ಬಣ್ಣಕ್ಕೆ ಹಾಗೆ ಕಾಣುತ್ತಿತ್ತು. ಜನರ ಮನಸ್ಸಿಗೆ ಸಮಾಧಾನವಾಗಲಿ ಎಂದು ಆಡಳಿತದವರು ತಳದಿಂದ ಅಂಚಿನವರೆಗೆ ತಿಳಿನೀಲಿ ಬಳಿಸಿದರು. ನೀರು ತುಂಬಿದ ದಿನ ಎಲ್ಲರೂ ಬಂದು ನೋಡಿದರು. ಕನ್ನಡಿಯ ಹಾಗೆ ಥಳಥಳ! ಚೀಟಿಗಳ ಭಾಷೆಯೇ ಬದಲಾಯಿತು. 'ಎಷ್ಟು ಸ್ವಚ್ಛ! ಇದನ್ನು ತೊಳೆಯುವವರಿಗೆ ಧನ್ಯವಾದ' ಎಂದು ಯಾರೋ ಬರೆದದ್ದನ್ನು ಪಾಚಿಯಕ್ಕ ಮನೆಗೊಯ್ದು ಅಡುಗೆಮನೆಯ ಡಬ್ಬಿಗೆ ಅಂಟಿಸಿದಳು.

"ಹೊಗಳಿದ್ರಲ್ಲ, ಮೈಮೇಲೆ ದೇವರು ಬಂದ ಹಾಗೆ ಉಜ್ಜಿದೆ. ಒಂದು ಚುಕ್ಕೆ ಪಾಚಿ ಬಿಡ್ತಿರ್ಲಿಲ್ಲ. ಉಗುರಿಂದ ಕೆರೀತಿದ್ದೆ."

ವರ್ಷ ಕಳೆಯುವುದರಲ್ಲಿ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಈಜತೊಡಗಿದ. ಕೆನ್ನೆ ಮೇಲೆ ಸದಾ ನೀರಿನ ಗೆರೆ. 'ಕಡಲಸಿಂಹ ಅಳುತ್ತಿದೆ' ಎಂದು ಚೀಟಿ ಬಂದವು. 'ಸೋಮಾರಿ, ಯಾವಾಗಲೂ ನಿದ್ದೆ' ಎಂದೂ ಬಂದವು. ವಯಸ್ಸಾಯಿತು ಎಂದರು ಕೆಲವರು. ಹದಿನೈದು ದಿನಕ್ಕೊಮ್ಮೆ ಬರುವ ವೈದ್ಯೆಗೆ ನೀರಿಗೆ ಹಾಕುವ ಔಷಧಿಯ ಮೇಲೆ ಅನುಮಾನ. ಅದನ್ನು ಕಡಿಮೆ ಮಾಡಿಸಿದರು, ಕಣ್ಣಿಗೆ ಹನಿ ಬಿಡಿಸಿದರು. ಎಡಗಣ್ಣು ನಿಲ್ಲಲಿಲ್ಲ. ಎರಡು ವರ್ಷದ ಮೇಲೆ ಬಲಗಣ್ಣಿನ ಅಂಚಿನಲ್ಲೂ ಬಿಳಿ ಕಾಣಿಸಿತು.

ಅದೇ ಹೊತ್ತಿಗೆ ಮನೆಯಲ್ಲಿ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಪಾಚಿಯಕ್ಕ ಹದಿನೆಂಟು ದಿನ ರಜೆ ಹಾಕಿದಳು. ಅಷ್ಟು ಉದ್ದದ ರಜೆ ಅವಳ ಜನ್ಮದಲ್ಲೇ ಮೊದಲು. ಮನೆಯ ಗೋಡೆಗೆ ಸುಣ್ಣ ಹೊಡೆದು ತಿಂಗಳಾಗಿತ್ತಷ್ಟೆ. ಅತ್ತೆ ಬೆಳ್ಳನೆ ಗೋಡೆಗೆ ಬೆನ್ನು ಕೊಟ್ಟು, ಕಪ್ಪು ಮರದ ಬೀರುವಿಗೆ ಮೂಗು ತಾಗುವ ಹಾಗೆ ಕುರ್ಚಿ ಎಳೆದುಕೊಂಡು ಕೂತರು.

"ಇದೇನತ್ತೆ, ಬೀರು ಜೊತೆ ಮಾತುಕತೆ?" ಎಂದು ಸೊಸೆ ಕೇಳಿದಳಂತೆ.

"ಈ ಬೀರು ಒಂದೇ ಈ ಮನೇಲಿ ನನ್ನ ಕಣ್ಣಿಗೆ ಚುಚ್ಚದೇ ಇರೋದು. ನೀನೂ ಸೇರಿ ಹೇಳ್ತಿದ್ದೀನಿ," ಎಂದರಂತೆ ಅತ್ತೆ.

ಅವಳು ನಕ್ಕಳು. ಹತ್ತೊಂಬತ್ತನೆಯ ದಿನ ಕೆಲಸಕ್ಕೆ ಬಂದವಳು ನೇರ ಕೊಳದ ಅಂಚಿಗೆ ಹೋದಳು. ಬದಲಿಗೆ ಬಂದಾತ ಕೈಗೆಟುಕಿದಷ್ಟು ಉಜ್ಜಿ ಕೈ ತೊಳೆದುಕೊಂಡಿದ್ದ. ಏಣಿ ಇಳಿಸಿ ತೊಳೆಯಬೇಕಾದ ಪಡುವಣ ಗೋಡೆ ಪೂರ್ತಿ ಹಸಿರು, ಕಂಬಳಿ ಹೊದಿಸಿದ ಹಾಗೆ. ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತಳು. ದೊಡ್ಡಪ್ಪ ಆ ಹಸಿರು ಗೋಡೆಗೆ ಮುಖ ಮಾಡಿ, ಮೂಗು ತಾಗುವ ಹಾಗೆ ತೇಲುತ್ತಿದ್ದ. ಅವನ ಬಲಗಣ್ಣು ತೆರೆದಿತ್ತು.

"ನಮ್ಮತ್ತೆನೇ ಕೂತಿದ್ದ ಹಾಗಿತ್ತು ಕಣ್ರೀ. ನಾನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದು, ಬಿಸಿಲು ಅದಕ್ಕೆ ಬಡಿದು ಅವನ ಕಣ್ಣಿಗೇ ಹೊಡೀತಿತ್ತು. ನಾಲ್ಕು ವರ್ಷಕ್ಕೂ ಮೇಲೆ! ಒಂದು ಕಣ್ಣು ನನ್ನ ಕೈಯಿಂದಲೇ ಹೋಯ್ತು."

ಅಂದಿನಿಂದ ಪಡುವಣ ಗೋಡೆಯನ್ನು ಅವಳು ಮುಟ್ಟಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ, ತೊಳೆಯಲು ಮೈಗಳ್ಳತನ, ಅದಕ್ಕೊಂದು ಕತೆ ಎನ್ನುತ್ತಾರೆಂದು ಗೊತ್ತಿತ್ತು. ಮೂರೇ ವಾರಕ್ಕೆ ಡಬ್ಬಿ ತುಂಬಿತು. 'ಗೋಡೆ ಪೂರ್ತಿ ಪಾಚಿ, ಪ್ರಾಣಿಗೆ ರೋಗ ಬರುವುದಿಲ್ಲವೇ?' 'ನಿರ್ವಹಣೆ ಸತ್ತಿದೆ.' 'ತೊಳೆಯುವವರು ಸಂಬಳ ತಗೊಂಡು ನಿದ್ದೆ ಮಾಡುತ್ತಾರಾ?' ಮೇಲ್ವಿಚಾರಕರು ಚೀಟಿಗಳ ಕಟ್ಟು ಹಿಡಿದು ಕೊಳದ ಅಂಚಿಗೇ ಬಂದರು. ಶುಕ್ರವಾರದೊಳಗೆ ಗೋಡೆ ಮೊದಲಿನ ಹಾಗೆ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು.

ಅವತ್ತು ಗುರುವಾರ, ಮಧ್ಯಾಹ್ನ, ಕೊಳ ಖಾಲಿ. ಆಮೇಲೆ ನಡೆದದ್ದನ್ನು ಬೇರೆಬೇರೆಯಾಗಿ ಕೇಳಿದರೂ ಇಬ್ಬರೂ ಒಂದೇ ಥರ ಹೇಳುತ್ತಾರೆ.

"ಸಾರ್, ಒಂದ್ಸಲ ಕೆಳಗಿಳಿದು ಇಲ್ಲಿ ಮಲಗಿ."

"ಮಲಗೋದಾ? ಈ ಪ್ಯಾಂಟಲ್ಲಾ?"

"ನಾನು ತೊಳೆದ ನೆಲ ಸಾರ್. ನಿಮ್ಮ ಪ್ಯಾಂಟಿಗಿಂತ ಚೊಕ್ಕ ಇದೆ."

"ಏನಮ್ಮಾ, ತಲೆಗಿಲೆ ಕೆಟ್ಟಿದೆಯಾ?"

"ಕೆಡ್ಲಿ ಸಾರ್. ಆ ನೀಲಿ ಗೋಡೆ ನೋಡ್ತಾ ಕಣ್ಣು ಬಿಟ್ಕೊಂಡು ನೂರು ಎಣಿಸಿ. ಎಣಿಸಿದ್ರೆ ನಾಳೆಯಿಂದ ನಾನು ಬರಲ್ಲ, ನೀವು ಹೇಳೋದೇ ಬೇಡ."

ಮೇಲ್ವಿಚಾರಕರು ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪೆನ್ನು ಕನ್ನಡಕ ತೆಗೆದಿಟ್ಟು, ಕೊಳದ ತಳದಲ್ಲಿ ನೀಲಿ ಗೋಡೆಗೆ ಮುಖ ಮಾಡಿ ಮಲಗಿದರು. ಮೂವತ್ತೇಳಕ್ಕೆ ಕೈ ಅಡ್ಡ ಹಿಡಿದರು. ಕಣ್ಣಲ್ಲಿ ಧಾರೆಧಾರೆ ನೀರು. ಪಾಚಿಯಕ್ಕ ಅವರನ್ನು ಹಸಿರು ಗೋಡೆಯ ಕಡೆ ಹೊರಳಿಸಿ ಮತ್ತೆ ಎಣಿಸಲು ಹೇಳಿದಳು. ನೂರು ದಾಟಿತು. ಎದ್ದು ಕೂತು, ಕಣ್ಣೊರೆಸಿಕೊಂಡು, "ಇದು ನನಗ್ಯಾಕೆ ಹೊಳೀಲಿಲ್ಲ?" ಎಂದರು.

"ನಂಗೂ ಹೊಳೀಲಿಲ್ಲ ಸಾರ್. ಉಜ್ಜಿದ್ದು ನಾನೇ."

ಮಾರನೆಯ ವಾರ ವೈದ್ಯೆಯೂ ಮಧ್ಯಾಹ್ನದ ಬಿಸಿಲಲ್ಲಿ ನಿಂತು ನೋಡಿ ಹೌದೆಂದರು. ಪಾಚಿಯನ್ನು ಹಾಗೆಯೇ ಬಿಡುವಂತಿಲ್ಲ, ಅದರಲ್ಲಿ ಕೊಳೆ ನಿಲ್ಲುತ್ತದೆ. ಅದಕ್ಕೇ ಕೊಳಕ್ಕೆ ಒದ್ದೆ ಬಂಡೆಯ ಬಣ್ಣ ಬಳಿದರು, ಮುಕ್ಕಾಲು ಭಾಗಕ್ಕೆ ನೆರಳಿನ ಬಲೆ ಕಟ್ಟಿದರು, ಆರು ತಿಂಗಳ ಗಡುವಿಟ್ಟರು. ಪಾಚಿಯಕ್ಕ ಮತ್ತೆ ಉಜ್ಜತೊಡಗಿದಳು. ಕಪ್ಪು ಗೋಡೆಯ ಮೇಲೆ ಪಾಚಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅಂಗೈ ಪರೀಕ್ಷೆ. ಚೀಟಿಗಳಂತೂ ನಿಂತಿಲ್ಲ. ಬಾವಿಯಂತಿದೆ, ಕೊಳಕಾಗಿದೆ, ಮೊದಲು ಎಷ್ಟು ಚೆನ್ನಾಗಿತ್ತು ಎನ್ನುತ್ತವೆ. ಗಾಜಿನ ಪಕ್ಕ ಕಾರಣ ವಿವರಿಸುವ ಫಲಕವಿದೆ. ಓದುವವರು ಹತ್ತಕ್ಕೆ ಇಬ್ಬರು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ವೈದ್ಯೆ ಬರುತ್ತಾರೆ. ಪಾಚಿಯಕ್ಕ ಕರೆದೊಡನೆ ದೊಡ್ಡಪ್ಪ ಹಲಗೆಯ ಮೇಲೆ ಗಲ್ಲ ಊರಿ ಕೂರುತ್ತಾನೆ. ಬೇರೆ ಯಾರು ಕರೆದರೂ ಹಾಗೆ ಕೂರುವುದಿಲ್ಲ. ಪಾಚಿಯಕ್ಕ ಅವನ ಕತ್ತಿನ ಮೇಲೆ ಕೈ ಇಟ್ಟು, "ಅಲುಗಾಡಬೇಡ, ಮರ್ಯಾದೆ ತೆಗೀಬೇಡ," ಎಂದು ಪಿಸುಗುಟ್ಟುತ್ತಾಳೆ. ವೈದ್ಯೆ ಸಣ್ಣ ಟಾರ್ಚು ಬಿಟ್ಟು ನೋಡುತ್ತಾರೆ, ಆರು ತಿಂಗಳ ಹಿಂದಿನ ಫೋಟೋ ನೋಡುತ್ತಾರೆ, ಮತ್ತೆ ಕಣ್ಣು, ಮತ್ತೆ ಫೋಟೋ. ಮೇಲ್ವಿಚಾರಕರು ಕೈಕೈ ಉಜ್ಜಿಕೊಳ್ಳುತ್ತಾರೆ. ಪಾಚಿಯಕ್ಕ ವೈದ್ಯೆಯ ಮುಖ ನೋಡುವುದಿಲ್ಲ, ನೆಲ ನೋಡುತ್ತಾಳೆ.

"ವಾಸಿಯಾಯ್ತು ಅಂತ ನಾನು ಹೇಳಲ್ಲ," ಎನ್ನುತ್ತಾರೆ ವೈದ್ಯೆ. "ಆದ್ರೆ ಮಂಜು ಮುಂದೆ ಹೋಗಿಲ್ಲ. ಅಂಚು ತಿಳಿಯಾಗಿದೆ. ಕಣ್ಣು ನಿಂತಿದೆ."

"ಹಾಗಾದ್ರೆ ಬಣ್ಣ?"

"ಮುಟ್ಟಬೇಡಿ."

ಪಾಚಿಯಕ್ಕ ಬಕೆಟ್ಟಿನಿಂದ ದೊಡ್ಡದೊಂದು ಮೀನು ಆರಿಸಿ, ದೊಡ್ಡಪ್ಪನ ಮೂತಿಗೆ ನೇರ ಕೊಡದೆ, ಬಲಕ್ಕೆ ಮೆಲ್ಲಗೆ ಸರಿಸುತ್ತಾಳೆ. ಅವನ ತಲೆ ಮೀನಿನ ಜೊತೆಗೇ ತಿರುಗುತ್ತದೆ. ಎರಡು ಸಲ ಹಾಗೆ ಮಾಡಿ, "ಸಾಕು, ತಿನ್ನು," ಎಂದು ಬಾಯಿಗೆ ಹಾಕಿ, ತೋಳಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

ಮಧ್ಯಾಹ್ನ ಮೂರಕ್ಕೆ ಮೇಲ್ವಿಚಾರಕರ ಕೋಣೆಯಲ್ಲಿ ವಾರದ ಚೀಟಿಗಳನ್ನು ಬಿಡಿಸುತ್ತಾರೆ. ಪ್ರತಿ ಚೀಟಿಯ ಕೆಳಗೆ ಏನು ಮಾಡಿದಿರಿ ಎಂದು ಒಂದು ಸಾಲು ಬರೆದು ಕಡತಕ್ಕೆ ಸೇರಿಸಬೇಕು. ಕಪ್ಪು, ಕೊಳಕು, ಬಾವಿ. ಮೇಲ್ವಿಚಾರಕರು ಓದಿ ಓದಿ ಪಕ್ಕಕ್ಕಿಡುತ್ತಾರೆ. ಒಂದು ಚೀಟಿಗೆ ಬಂದಾಗ ನಿಂತು, ಗಂಟಲು ಸರಿಮಾಡಿಕೊಂಡು, ಜೋರಾಗಿ ಓದುತ್ತಾರೆ:

"'ಈ ಪ್ರಾಣಿ ನಮ್ಮನ್ನೇ ದುರುಗುಟ್ಟಿಕೊಂಡು ನೋಡುತ್ತದೆ. ನಾವು ಆ ಕಡೆ ಹೋದರೆ ಆ ಕಡೆ, ಈ ಕಡೆ ಬಂದರೆ ಈ ಕಡೆ. ಮಗು ಹೆದರಿತು. ದಯವಿಟ್ಟು ಕ್ರಮ ತೆಗೆದುಕೊಳ್ಳಿ.' ಏನಮ್ಮಾ ಬರೀಲಿ ಇದಕ್ಕೆ?"

ಪಾಚಿಯಕ್ಕ ಕೈ ಚಾಚಿ ಚೀಟಿ ತೆಗೆದುಕೊಳ್ಳುತ್ತಾಳೆ. ಅಕ್ಷರ ಅಕ್ಷರಕ್ಕೆ ಬೆರಳಿಟ್ಟು ತಾನೇ ಒಮ್ಮೆ ಓದುತ್ತಾಳೆ, ತುಟಿ ಅಲುಗುತ್ತದೆ. ನಗುವುದಿಲ್ಲ. ಮಡಿಸದೆ, ಹಾಗೆಯೇ ನೀಟಾಗಿ ಮೇಜಿನ ಮೇಲಿಡುತ್ತಾಳೆ.

"ಕ್ರಮ ತಗೊಂಡಾಗಿದೆ ಅಂತ ಬರೀರಿ ಸಾರ್."