ಗಾದಿಯ ಕೆಳಗಿನ ಕುಣಿ

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಇದ್ದ ಮನೆಯನ್ನು ಇದ್ದ ಹಾಗೆ ಬರೆಯುವುದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಕ್ಷೆ ಬರೆಯುವುದು ಮನೆ ಕಟ್ಟುವ ಮುಂಚೆ, ಕಟ್ಟಿ ಮೂರು ತಲೆಮಾರು ಬಾಳಿದ ಮೇಲೆ ಯಾರು ಬರೆಯುತ್ತಾರೆ ಎಂದು ಅವರ ಅನುಮಾನ. ನಾವು ಬರೆಯುತ್ತೇವೆ. ಗೋಡೆ ಸೊಟ್ಟಗಿದ್ದರೆ ಸೊಟ್ಟಗೇ ಬರೆಯುತ್ತೇವೆ. ಬಾಗಿಲು ಮುಚ್ಚಿ ಗೂಡು ಮಾಡಿಕೊಂಡಿದ್ದರೆ ಗೂಡು ಎಂದೇ ಬರೆಯುತ್ತೇವೆ. ಅಷ್ಟಕ್ಕೇ ಬಿಡುವುದಿಲ್ಲ. ಆ ಮನೆ ಭೂಮಿಯ ಮೇಲೆ ಸರಿಯಾಗಿ ಎಲ್ಲಿದೆ ಎಂದು ಉಪಗ್ರಹಗಳನ್ನು ಕೇಳಿ, ಒಂದೊಂದು ಮೂಲೆಯನ್ನೂ ಅಕ್ಷಾಂಶ ರೇಖಾಂಶಕ್ಕೆ ಕಟ್ಟಿಹಾಕುತ್ತೇವೆ. ನಾಳೆ ಆ ಮನೆ ಬಿದ್ದುಹೋದರೂ ಅದರ ಮೂಲೆ ಇಲ್ಲೇ ಇತ್ತು ಎಂದು ಬೆರಳಿಟ್ಟು ತೋರಿಸಬಹುದು.

ಇಂಥ ಕೆಲಸ ಮಾಡುವ ನಾನು ಆಫೀಸಿನಲ್ಲಿ ನನ್ನ ಮನೆಯ ಬಗ್ಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿರಲಿಲ್ಲ.

ಆಫೀಸು ಇರುವುದು ರೋಣದಲ್ಲಿ. ದಿನವೂ ಗಜೇಂದ್ರಗಡದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ಯಂತ್ರ ಹಿಡಿಯುವವರು ನರಗುಂದದ ಕಡೆಯ ಒಬ್ಬ ಎಂಜಿನಿಯರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತೇವೆ. ಕೆಲಸಕ್ಕೆ ಸೇರಿದ ವಾರದಲ್ಲಿ ಅವರು ಚಹಾ ಕುಡಿಯುತ್ತಾ, "ಮನ್ಯಾಗ ಏನ ಉದ್ಯೋಗ ತಂಗಿ?" ಎಂದು ಕೇಳಿದ್ದರು. ಕೋಣೆಯಲ್ಲಿ ಕೂತಿದ್ದವರೆಲ್ಲ ಹೊಲ ಇದ್ದವರು, ಪೇಟೆಯಲ್ಲಿ ಅಂಗಡಿ ಇದ್ದವರ ಮಕ್ಕಳು. ನನ್ನ ಬಾಯಿ ತಾನಾಗಿಯೇ, "ಸೀರಿ ವ್ಯಾಪಾರ ರೀ" ಎಂದಿತು. ಪೂರ್ತಿ ಸುಳ್ಳಲ್ಲ. ನಮ್ಮ ಮನೆಯಲ್ಲಿ ಸೀರೆ ಇತ್ತು, ವ್ಯಾಪಾರ ಬೇರೆಯವರ ಮನೆಯಲ್ಲಿತ್ತು. ಅವ್ವ ನೇಯ್ದ ಸೀರೆಗಳನ್ನು ಬಗಲಲ್ಲಿಟ್ಟುಕೊಂಡು ಸಾವಕಾರರ ಅಂಗಡಿಯ ಮೆಟ್ಟಿಲ ಮೇಲೆ, ಅವರು ಒಳಗೆ ಕರೆಯುವ ತನಕ ನಿಂತಿರುತ್ತಿದ್ದಳು. ಚಿಕ್ಕಂದಿನಲ್ಲಿ ಅವಳ ಸೆರಗು ಹಿಡಿದು ನಾನೂ ನಿಂತಿದ್ದೇನೆ. ಆ ಮೆಟ್ಟಿಲು ನನ್ನ ಮೈಯಿಂದ ಇನ್ನೂ ಇಳಿದಿಲ್ಲ.

ಒಮ್ಮೆ ನಾನು ಫೋನು ಮನೆಯಲ್ಲೇ ಮರೆತು ಹೋಗಿದ್ದಾಗ ಸಾಹೇಬರ ಕರೆಯನ್ನು ಅವ್ವ ಎತ್ತಿದಳು. ಅವರು ಮರ್ಯಾದೆಗೆ, "ಅಂಗಡಿ ಹ್ಯಾಂಗ ನಡದೈತ್ರಿ ಅವ್ವಾರ?" ಎಂದರಂತೆ. ಅವ್ವ ಕ್ಷಣವೂ ತಡವರಿಸದೆ, "ಚಲೋ ನಡದೈತ್ರಿ" ಎಂದಳಂತೆ. ಇದನ್ನು ನನಗೆ ಹೇಳಿದವರು ಸಾಹೇಬರೇ. ಅವ್ವ ಮಾತ್ರ ಆ ದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಾನು ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಇರುವವರು ನಾವಿಬ್ಬರೇ. ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಾ ಇಬ್ಬರೂ ಆ ಮಾತಿನ ಸುತ್ತ ಸುಳಿದಾಡಿಕೊಂಡಿದ್ದೆವು.

ಹೀಗಿರುವಾಗ ಗುಡ್ಡದ ಕೆಳಗಿನ ನಮ್ಮ ಓಣಿಯನ್ನೇ ಅಳೆಯುವ ಕೆಲಸ ನಮ್ಮ ಆಫೀಸಿಗೆ ಬಂತು. ಓಣಿಯ ನೆಲ ಎತ್ತರಿಸಿ ಗಟಾರು ಮಾಡುವವರಿದ್ದರು. ಅದರ ಜೊತೆಗೆ ಮಗ್ಗ ನಡೆಯುತ್ತಿರುವ ಪ್ರತಿ ಮನೆಗೂ ನೀರು ನುಗ್ಗದ ಹಾಗೆ ಎತ್ತರದಲ್ಲಿ ಒಂದು ಮಗ್ಗದ ಕೋಣೆ ಕಟ್ಟಿಕೊಡುವುದು ಎಂದು ಆಗಿತ್ತು. ನಮ್ಮ ಕಡೆಯದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮಳೆಗಾಲದಲ್ಲಿ ಅದರಲ್ಲಿ ನೀರು ಜಿನುಗುತ್ತದೆ. ಅವ್ವ ತಂಬಿಗೆಯಿಂದ ನೀರು ತೋಡಿ ಚೆಲ್ಲಿ, ಗೋಣಿಚೀಲ ಹಾಸಿಕೊಂಡು, ಆ ತಂಪಿನಲ್ಲೇ ಕಾಲಾಡಿಸುತ್ತಾಳೆ. ಈಗ ಅವಳಿಗೆ ಮೊಳಕಾಲು ಮಡಚಿದರೆ ಎದ್ದೇಳಲು ಗೋಡೆ ಬೇಕು. ಆ ಕೋಣೆ ಯಾರಿಗೆ ಸಿಗಬೇಕಿತ್ತೋ ಇಲ್ಲವೋ, ಅವಳಿಗಂತೂ ಸಿಗಲೇಬೇಕಿತ್ತು. ಯಾವ ಮನೆಯಲ್ಲಿ ಮಗ್ಗ ಇದೆ ಎಂಬುದಕ್ಕೆ ಆಧಾರ ನಮ್ಮ ನಕ್ಷೆಯೊಂದೇ. ಅದರಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಅಳತೆಯ ದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅವ್ವ ಮಗ್ಗದಲ್ಲಿ ಕೂತಿದ್ದಳು. "ಅವ್ವಾ, ಇವತ್ತ ಸಾಹೇಬ್ರು ನಮ್ಮ ಓಣಿಗೆ ಬರತಾರ" ಎಂದೆ. ಅಷ್ಟೇ ಹೇಳಿದ್ದು. ಆದರೆ ಹೊಸ್ತಿಲಲ್ಲಿ ಒಂದು ಗಳಿಗೆ ಹೆಚ್ಚು ನಿಂತೆ. ಪಡಸಾಲೆಯನ್ನು ನೋಡಿದೆ. ಹೊಗೆ ಹಿಡಿದ ಜಂತಿ, ಗೂಟಕ್ಕೆ ಕಟ್ಟಿದ ಹಗ್ಗ, ನೆಲದ ಕುಣಿ, ಕುಣಿಯಲ್ಲಿ ಸೊಂಟದ ತನಕ ಇಳಿದ ಅವ್ವ. ನನ್ನ ಮುಖದಲ್ಲಿ ಏನು ಕಂಡಿತೋ, ಅವ್ವ ಲಾಳಿ ಎಸೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಹೋಗಿ ಬಾ, ಬಸ್ಸು ತಪ್ಪೀತು" ಎಂದಳು.

ಮಧ್ಯಾಹ್ನದ ಹೊತ್ತಿಗೆ ಸಾಹೇಬರೂ ನಾನೂ ಜೀಪಿನಲ್ಲಿ ಯಂತ್ರ ಹೇರಿಕೊಂಡು ಓಣಿಗೆ ಬಂದೆವು. ಓಣಿಯ ಬಾಯಲ್ಲಿ ಬಯಲು ಇರುವ ಕಡೆ ಒಂದು ಮೊಳೆ ಹೊಡೆದು, ಅದರ ನೆತ್ತಿಯ ಮೇಲೆ ಉಪಗ್ರಹದ ಯಂತ್ರ ನಿಲ್ಲಿಸಿದೆವು. ಮನೆಯೊಳಗೆ ಆಕಾಶ ಕಾಣುವುದಿಲ್ಲವಲ್ಲ, ಆದ್ದರಿಂದ ಆ ಮೊಳೆಯ ಲೆಕ್ಕವನ್ನು ಇನ್ನೊಂದು ಯಂತ್ರ ಬಾಗಿಲಿನಿಂದ ಒಳಕ್ಕೆ ಒಯ್ಯುತ್ತದೆ. ಸಾಹೇಬರು ಅದರ ಕಣ್ಣಿನಲ್ಲಿ ನೋಡುತ್ತಾರೆ. ತುದಿಗೆ ಗಾಜಿನ ಪ್ರಿಸಮ್ ಇರುವ ಕೋಲನ್ನು ಮೂಲೆ ಮೂಲೆಗೆ ಹಿಡಿಯುವುದು ನನ್ನ ಪಾಲು. ನಮ್ಮ ಮನೆ ಬರುವ ಹೊತ್ತಿಗೆ ಸಾಹೇಬರಿಗೆ ದಣಿವಾಗಿರುತ್ತದೆ, ಲಗುಬಗೆಯಲ್ಲಿ ಮುಗಿಸಿ ಹೋಗುತ್ತಾರೆ ಎಂದು ಆಸೆ ಇಟ್ಟುಕೊಂಡಿದ್ದೆ.

ಬಾಗಿಲು ದಾಟಿದವಳು ಬೇರೆಯವರ ಮನೆಗೆ ಬಂದೆನೇನೋ ಎಂದು ತಬ್ಬಿಬ್ಬಾದೆ. ಪಡಸಾಲೆಯಲ್ಲಿ ಮಗ್ಗವೇ ಇರಲಿಲ್ಲ. ನಡುವೆ ಬಿಳಿ ಚಾದರ ಹೊದೆಸಿದ ಗಾದಿ, ಅದರ ಮೇಲೊಂದು ಲೋಡು. ಗೋಡೆಗೆ ಒತ್ತಿ ಮಡಿಚಿಟ್ಟ ಸೀರೆಗಳ ಥಪ್ಪಿ. ಊದಿನಕಡ್ಡಿ ಹೊಗೆಯಾಡುತ್ತಿತ್ತು. ಅವ್ವ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, "ಬರ್ರಿ ಸಾಹೇಬ್ರ, ಅಂಗಡಿ ಸಣ್ಣದೈತ್ರಿ" ಎಂದಳು. ನನ್ನ ಕಡೆ ನೋಡಲಿಲ್ಲ.

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಬಾಯಿ ಬಿಟ್ಟ ನೆಲ ಗಾದಿಯ ಕೆಳಗೇ ಇತ್ತು, ಹಲಗೆ ಹಾಕಿ ಮುಚ್ಚಿದ್ದಳು.

ಸಾಹೇಬರು ಸುಮ್ಮನೆ ಅಳತೆ ಮಾಡಿ ಹೋಗಿದ್ದರೆ ಆಗುತ್ತಿತ್ತು. ಅವರಿಗೆ ಹೆಂಡತಿಗೊಂದು ಸೀರೆ ಒಯ್ಯುವ ಹುಕಿ ಬಂತು. ಥಪ್ಪಿಯಿಂದ ಒಂದನ್ನು ಎಳೆದು, "ಇದು ಹ್ಯಾಂಗ್ರಿ ಅವ್ವಾರ?" ಎಂದರು. ಅವ್ವ ಅದರ ಅಂಚಿನ ಮೇಲೆ ಹೆಬ್ಬೆರಳಾಡಿಸಿ, "ಇದರ ದಡಿ ಸಡ್ಲ ಐತ್ರಿ, ಇದು ಬ್ಯಾಡ" ಎಂದಳು. ಇನ್ನೊಂದು ಎಳೆದರು. "ಅದರಾಗ ಎಳಿ ಹರದು ಗಂಟ ಹಾಕ್ಯಾರ್ರಿ." ತನ್ನ ಅಂಗಡಿಯ ಮಾಲನ್ನು ತಾನೇ ಹೀಗೆ ತೆಗಳುವ ವ್ಯಾಪಾರಸ್ಥೆಯನ್ನು ಸಾಹೇಬರು ಎಲ್ಲಿ ಕಂಡಿದ್ದರು! ಅವರು ಖುಷಿಯಾಗಿ ನಕ್ಕು, ಮೂರನೆಯದಕ್ಕೆ ಬೆಲೆ ಕೇಳಿದರು. ಅವ್ವ ಬಾಯಿ ತೆರೆದು ಹಾಗೇ ನಿಂತಳು. ಜೀವಮಾನವಿಡೀ ಸಾವಕಾರರಿಗೆ ಸೀರೆ ನೇಯ್ದು ಕೊಟ್ಟವಳು ಗಿರಾಕಿಗೆ ಒಂದನ್ನೂ ಮಾರಿದವಳಲ್ಲ. ಅಂಗಡಿಯಲ್ಲಿ ಅದು ಎಷ್ಟಕ್ಕೆ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆಗ ಮೊದಲ ಸಲ ನನ್ನ ಕಡೆ ನೋಡಿದಳು, ಪಾಠ ಮರೆತು ನಿಂತ ಹುಡುಗಿ ಗೆಳತಿಯನ್ನು ನೋಡುವ ಹಾಗೆ.

"ಆಮ್ಯಾಲ ನೋಡೂಣ್ರಿ ಸಾಹೇಬ್ರ, ಇನ್ನ ಭಾಳ ಮನಿ ಅದಾವ" ಎಂದು ನಾನು ಮೂಲೆಗೆ ಕೋಲು ಹಿಡಿದೆ.

ನಾಲ್ಕು ಮೂಲೆ, ಬಾಗಿಲು, ಕಿಟಕಿ ಆದವು. ಸಾಹೇಬರು ಟ್ಯಾಬಿನಲ್ಲಿ ಪಡಸಾಲೆಯ ನಡುವೆ 'ಅಂಗಡಿ' ಎಂದು ಬರೆದು ನನಗೆ ತೋರಿಸಿದರು. "ಬರೋಬ್ಬರಿ ಐತಿಲ್ಲೋ ತಂಗಿ? ಅಂಗಡಿ ಅಂದ್ರ ಮಗ್ಗದ ಖೋಲಿ ಬರೂದಿಲ್ಲ ಮತ್ತ."

"ಹೌದ್ರಿ" ಎಂದೆ. ಅವ್ವನೂ ತಲೆಯಾಡಿಸಿದಳು.

ಮುಂದಿನದು ಪಕ್ಕದ ಮನೆ. ಅಲ್ಲಿರುವವಳನ್ನು ನಾನು ಹುಟ್ಟಿದಾಗಿನಿಂದ ಅತ್ತಿ ಎಂದೇ ಕರೆಯುತ್ತೇನೆ. ಅವಳ ಮಗ್ಗ ನಡೆಯುತ್ತಿತ್ತು. ಯಾರು ಬಂದರೂ ಅವಳಿಗೇನೂ ನಾಚಿಕೆಯಿರಲಿಲ್ಲ. ಕುಣಿಯ ಆಳ ಬೇಕು, ಕೋಲು ಹಿಡಿದು ಕೆಳಗಿಳಿ ಎಂದರು ಸಾಹೇಬರು. ಅತ್ತಿಯ ಪಾದಗಳ ಪಕ್ಕ ನಾನು ಇಳಿದು ನಿಂತೆ. ಸಾಹೇಬರು ಯಂತ್ರದ ಕಡೆ ತಿರುಗಿದ್ದೇ ತಡ, ಅತ್ತಿ ಬಾಗಿ ನನ್ನ ಕಿವಿಯಲ್ಲಿ, "ಥಪ್ಪಿಯೊಳಗಿನ ಸೀರಿ ನಮ್ಮವು, ಹೊಲಸ ಮಾಡಬ್ಯಾಡ್ರಿ" ಎಂದಳು. ಆಮೇಲೆ ಅವಳ ಧ್ವನಿ ಬದಲಾಯಿತು. "ನಿಮ್ಮವ್ವ ಮಗ್ಗದ ಹಾಸಿನ ಎಳಿಗೆ ಕತ್ರಿ ಹಾಕಿದ್ಲು, ಗೊತ್ತೈತೇನ? ಅರ್ಧಾ ಸೀರಿ ಆಗಿತ್ತು. ಬಿಚ್ಚೂದಾದ್ರ ಇಬ್ಬರು ಬೇಕು, ಹೊತ್ತು ಬೇಕು. ಸಾಹೇಬ್ರು ಬರೂ ಹೊತ್ತಾತು ಅಂತ ಹೇಳಿ ಕತ್ತರಿಸಿಬಿಟ್ಲು. ನಾ ಕೈ ಹಿಡಕೊಂಡೆ. ಸಾಹೇಬ್ರ ಮುಂದ ನನ್ನ ಮಗಳ ಮಾರಿ ಸಣ್ಣದಾಗಬಾರ್ದವಾ ಅಂದ್ಲು."

ಮಗ್ಗಕ್ಕೆ ಉದ್ದಕ್ಕೂ ಹೂಡಿದ ಎಳೆಗಳ ಹಾಸನ್ನು ಸೀರೆಯ ನಡುವೆ ಕತ್ತರಿಸುವುದನ್ನು ನಾನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅಪ್ಪ ಸತ್ತ ದಿನವೂ ಅವ್ವ ಮಗ್ಗದ ಮೇಲೆ ಬಟ್ಟೆ ಹೊದೆಸಿದ್ದಳೇ ಹೊರತು ಎಳೆ ಮುಟ್ಟಿರಲಿಲ್ಲ. ಬೆಳಿಗ್ಗೆ ನಾನು ಮಗ್ಗ ತೆಗಿ ಎಂದು ಬಾಯಿಬಿಟ್ಟು ಹೇಳಿರಲಿಲ್ಲ, ಬರೀ ನೋಡಿದ್ದೆ. ಬರೀ ನೋಡಿದ್ದಕ್ಕೆ ಅವಳು ಕತ್ತರಿ ಹಿಡಿದಿದ್ದಳು. ಅತ್ತಿಯ ಕುಣಿಯಲ್ಲಿ ನಿಂತು ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಕೋಲು ವಾಲಿದ್ದು ನನಗೆ ತಿಳಿಯದೆ ಹೋಗಿ ಸಾಹೇಬರು, "ನೆಟ್ಟಗ ಹಿಡಿ ತಂಗಿ" ಎಂದು ಗದರಿಸಿದರು.

ಮೇಲೆ ಬಂದವಳೇ ಹೇಳಿದೆ: "ಸಾಹೇಬ್ರ, ನಮ್ಮ ಮನಿದು ಇನ್ನೊಮ್ಮೆ ಹಿಡೀಬೇಕ್ರಿ. ಅದು ಅಂಗಡಿ ಅಲ್ರಿ. ನಮ್ಮವ್ವ ನೇಕಾರಕಿ ಅದಾಳ. ನಾ ಮೊದಲಿಂದ ಸುಳ್ಳ ಹೇಳೇನ್ರಿ."

ಖರೇ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಹಗುರಾಗಲಿಲ್ಲ. ಸಾಹೇಬರು ಸಿಟ್ಟಾದರು. ಅದೂ ಸುಳ್ಳಿಗಲ್ಲ; ಯಂತ್ರವನ್ನು ಹಿಂದಕ್ಕೆ ಹೊತ್ತು ಮತ್ತೆ ಹೂಡಬೇಕಲ್ಲ, ಅದಕ್ಕೆ. ಗೊಣಗುತ್ತಲೇ ಬಂದರು.

ಅವ್ವ ಗಾದಿಯ ಅಂಚಿನಲ್ಲಿ ಕೂತು ಅತ್ತಿಯ ಸೀರೆಗಳನ್ನು ಮತ್ತೆ ಮಡಿಚುತ್ತಿದ್ದಳು. ನಾನು ಲೋಡು ತೆಗೆದೆ. "ಏನ ಮಾಡಾಕತ್ತಿ?" ಎಂದಳು. ಗಾದಿ ಎಳೆದೆ. "ಏ, ಬಿಡ" ಎಂದು ಚಾದರದ ಇನ್ನೊಂದು ತುದಿ ಗಟ್ಟಿಯಾಗಿ ಹಿಡಿದಳು. ಬಾಗಿಲಲ್ಲಿ ಸಾಹೇಬರನ್ನು ಕಂಡೊಡನೆ ಅವಳ ಕೈ ಸಡಿಲಾಯಿತು. ಹಲಗೆ ಎತ್ತಿದೆ. ಕುಣಿಯೊಳಗೆ ಕತ್ತರಿಸಿದ ಅರ್ಧ ಸೀರೆ ಸುತ್ತಿಟ್ಟಿದ್ದಳು, ಎಳೆಗಳು ಜೋಲುತ್ತಿದ್ದವು. ಅದನ್ನು ಎತ್ತಿ ಪಕ್ಕಕ್ಕಿಟ್ಟು, ಅವಳ ಹಿಮ್ಮಡಿ ಊರಿ ಊರಿ ತಗ್ಗಾದ ಜಾಗದಲ್ಲಿ ಕೋಲು ನಿಲ್ಲಿಸಿದೆ.

ಸಾಹೇಬರು 'ಅಂಗಡಿ' ಅಳಿಸಿದರು. ತಲೆ ಎತ್ತದೆ, "ಮಗ್ಗ ಎಲ್ಲೈತ್ರಿ ಅವ್ವಾರ? ಸಾಮಾನು ಕಣ್ಣಲೆ ನೋಡಿ ಬರೀಬೇಕ್ರಿ" ಎಂದರು. ಅವ್ವ ಹಿತ್ತಲಿಗೆ ಹೋಗಿ ಮಗ್ಗದ ಕಟ್ಟಿಗೆಗಳನ್ನು ಒಂದೊಂದೇ ತಂದು ಅವರ ಮುಂದೆ ಇಟ್ಟಳು. ಕಳವಿನ ಮಾಲು ಹೊರಗೆ ಹಾಕುವವರ ಹಾಗೆ ತಲೆ ತಗ್ಗಿಸಿದ್ದಳು. "ಇರ್ಲಿ ಬಿಡ್ರಿ, ಸಾಕು" ಎಂದರೂ ನಿಲ್ಲಿಸಲಿಲ್ಲ. ಲಾಳಿಯ ತನಕ ಎಲ್ಲವನ್ನೂ ತಂದಿಟ್ಟು ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ. ಮನೆಗೆ ಬಂದವರಿಗೆ ಚಹಾ ಕೊಡದೆ ಅವ್ವ ಯಾರನ್ನೂ ಕಳಿಸಿದವಳಲ್ಲ. ಆ ದಿನ ಸಾಹೇಬರು ಹಾಗೇ ಹೋದರು.

ಸಂಜೆ ನಾನು ಹತ್ತಿರ ಹೋಗಿ ಕೂತೆ. ಅವಳು ಒಲೆಯ ಕಡೆ ಮುಖ ಮಾಡಿಯೇ ಮಾತಾಡಿದಳು.

"ನೀ ನಾಚತಿದ್ದಿ ಅಂತ ನನಗ ಯಾವಾಗೋ ಗೊತ್ತಿತ್ತು. ಅದನ್ನ ನಾ ನುಂಗಿಕೊಂಡಿದ್ದೆ. ಇವತ್ತ ಪರ ಊರಿನವರ ಮುಂದ ನನ್ನ ಸುಳ್ಳಗಾತಿ ಮಾಡಿದಿ."

"ನಿನ್ನ ಮಗ್ಗದ ಖೋಲಿ ಹೋಗತಿತ್ತವಾ. ಆ ನೀರಾಗ ಇನ್ನ ಎಷ್ಟ ವರ್ಷ ಕೂಡ್ತಿ?"

"ನೀರಿಗೆ ನಾ ಹೆದರೂದಿಲ್ಲ" ಎಂದಳು.

ಅವಳು ಹೇಳಿದ್ದು ಸರಿ. ನನ್ನ ಸುಳ್ಳನ್ನು ಅವಳು ಒಂದು ಅಂಗಡಿಯನ್ನೇ ಹೂಡಿ ಕಾಪಾಡಿದ್ದಳು. ನಾನು ಖರೇ ಹೇಳಲು ಹೊರಟಾಗ ಅವಳನ್ನು ಒಂದು ಮಾತು ಕೇಳಲಿಲ್ಲ. ಮೊದಲು ಅವಳ ಬಗ್ಗೆ ನಾಚಿದೆ, ಆಮೇಲೆ ನನ್ನ ನಾಚಿಕೆ ಕಳೆದುಕೊಳ್ಳುವ ಭರದಲ್ಲಿ ಅವಳನ್ನು ನಾಚಿಸಿದೆ. ಎರಡರಲ್ಲಿ ಯಾವುದು ಹೆಚ್ಚಿನದು ಎಂದು ಇವತ್ತಿಗೂ ನನಗೆ ತಿಳಿಯುತ್ತಿಲ್ಲ.

ಹೊಸ ಹಾಸು ಹೂಡಿ ಅವ್ವ ಮತ್ತೆ ಮಗ್ಗಕ್ಕೆ ಕೂತಳು. ಮಾತು ನಿಧಾನವಾಗಿ ಹಳೆಯ ದಾರಿಗೆ ಬಂತು. ನಕ್ಷೆಗಳು ಅಚ್ಚಾದ ಮೇಲೆ ನಮ್ಮ ಮನೆಯ ಹಾಳೆಯ ಒಂದು ಪ್ರತಿಯನ್ನು ತಂದು ಅವಳ ಮುಂದೆ ಹರಡಿದೆ. ಸೊಟ್ಟ ಗೋಡೆಗಳು ಸೊಟ್ಟಗೇ ಬಂದಿದ್ದವು. ಪಡಸಾಲೆಯ ನಡುವೆ ಒಂದು ಪುಟ್ಟ ಚೌಕ, ಪಕ್ಕದಲ್ಲಿ 'ಕುಣಿ ಮಗ್ಗ' ಎಂಬ ಅಕ್ಷರ, ಕೆಳಗೆ ಅಂಕಿಗಳು.

"ಇದೇನು?" ಎಂದಳು.

"ಅದು ನೀ ಕೂಡೂ ಜಾಗಾ. ಆ ಅಂಕಿ ನೋಡಿದ್ರ ಭೂಮಿ ಮ್ಯಾಲ ಯಾರರೆ ಎಲ್ಲಿಂದರೆ ಹುಡುಕ್ಯಾಡಿ ಇಲ್ಲಿಗೇ ಬರಬಹುದು."

ಅವಳಿಗೆ ಖುಷಿಯಾಯಿತು. ನನಗೂ ಆಯಿತು. ಬೆರಳಿನಿಂದ ಬಾಗಿಲು ಹುಡುಕಿದಳು, ಒಲೆ ಹುಡುಕಿದಳು, ಮತ್ತೆ ಚೌಕಕ್ಕೇ ಬಂದಳು. ಆಮೇಲೆ ಕೇಳಿದಳು:

"ಇದನ್ನ ನಿಮ್ಮ ಆಫೀಸಿನಾಗ ಎಲ್ಲಾರೂ ನೋಡತಾರೇನ?"

"ಹೌದವಾ, ಎಲ್ಲಾರೂ ನೋಡತಾರ."

ಅವ್ವ ನನ್ನ ಮುಖವನ್ನು ಒಂದು ಸಲ ನೋಡಿ, ತನ್ನ ಅಂಗೈಯನ್ನು ಮೆಲ್ಲಗೆ ಆ ಚೌಕದ ಮೇಲೆ ಮುಚ್ಚಿಟ್ಟಳು.